ಮಗು ಶಾಲೆ ಬದಲಿಸಿದರೆ ವಿಶೇಷ ಶಿಕ್ಷಣದ ನೆರವು ನಿಲ್ಲಬಾರದು: ನಾಲ್ಕು ತಾಲ್ಲೂಕುಗಳ ಪೋಷಕರಿಗೆ ಪೂರ್ಣ ಮಾಹಿತಿ

ಮಧುಗಿರಿ: ಊರಿನ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ದೂರದ ಹೈಸ್ಕೂಲಿಗೆ ಸೇರುವ ಮಕ್ಕಳು ನಮ್ಮ ಕಡೆ ಸಾಕಷ್ಟು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ವಾಪಸ್ ಬರುವ ಕುಟುಂಬಗಳೂ ಇವೆ. ಕಣ್ಣು, ಕಿವಿ, ಮಾತು, ಕೈಕಾಲು, ಬುದ್ಧಿ ಬೆಳವಣಿಗೆ ಅಥವಾ ಓದು-ಬರಹದ ತೊಂದರೆ ಇರುವ ಮಗುವಿಗೆ ಇಂಥ ಬದಲಾವಣೆ ದೊಡ್ಡ ಹೊಡೆತ. ಟಿ.ಸಿ. ಜೊತೆ ಮಗುವಿನ ಹೆಸರು ಹೊಸ ಶಾಲೆಗೆ ಹೋಗುತ್ತೆ. ಆದರೆ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಕು, ಪರೀಕ್ಷೆಗೆ ಹೆಚ್ಚು ಸಮಯ ಕೊಡಬೇಕು ಅನ್ನೋದು ಟಿ.ಸಿ.ಯಲ್ಲಿ ಬರೆದಿರಲ್ಲ. ಪೋಷಕರು ಕೇಳದಿದ್ದರೆ ನೆರವು ಅಲ್ಲಿಗೇ ನಿಂತು, ಮಗು ಶಾಲೆಯನ್ನೇ ಬಿಡುವ ಹಂತಕ್ಕೆ ಬರಬಹುದು.

ಯಾರನ್ನು ಕಾಣಬೇಕು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇದರ ಉಪನಿರ್ದೇಶಕರ (ಡಿಡಿಪಿಐ) ಕಚೇರಿ ಮಧುಗಿರಿಯಲ್ಲೇ ಇದೆ. ತಾಲ್ಲೂಕು ಮಟ್ಟದಲ್ಲಿ ಬಿಇಒ ಕಚೇರಿ ಹಾಗೂ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ) ಇರುತ್ತವೆ. ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನೋಡಿಕೊಳ್ಳುವ ಬಿಐಇಆರ್‌ಟಿ ಸಂಪನ್ಮೂಲ ಶಿಕ್ಷಕರು ಸಿಗುವುದು ಬಿಆರ್‌ಸಿಯಲ್ಲಿ.

ಒಂದೇ ತಾಲ್ಲೂಕಿನೊಳಗೆ ಶಾಲೆ ಬದಲಾದರೆ ಬಿಆರ್‌ಸಿ ಬದಲಾಗಲ್ಲ. ಶಿರಾದಿಂದ ಮಧುಗಿರಿಗೆ ಬಂದರೆ ಬಿಆರ್‌ಸಿ, ಬಿಇಒ ಇಬ್ಬರೂ ಹೊಸಬರು. ತುಮಕೂರು, ಗುಬ್ಬಿ ಕಡೆಗೆ ಹೋದರೆ ಡಿಡಿಪಿಐ ಕಚೇರಿಯೇ ಬೇರೆ. ಹಾಗಾಗಿ ತಾಲ್ಲೂಕು ದಾಟಿದರೆ ಹೊಸ ಬಿಆರ್‌ಸಿಗೆ ಒಮ್ಮೆ ಹೋಗಿ ಮಗುವಿನ ವಿಷಯ ತಿಳಿಸಲೇಬೇಕು.

ಕಾನೂನು ಏನು ಹೇಳುತ್ತೆ?

* ಶಿಕ್ಷಣ ಹಕ್ಕು ಕಾಯ್ದೆ 2009ರ 5ನೇ ಕಲಂ ಪ್ರಕಾರ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳಿದರೆ ಹಳೇ ಶಾಲೆಯವರು ಕೂಡಲೇ ಟಿ.ಸಿ. ಕೊಡಬೇಕು. ಟಿ.ಸಿ. ತಡವಾಯಿತು ಅಂತ ಹೊಸ ಶಾಲೆಯವರು ದಾಖಲಾತಿ ನಿಲ್ಲಿಸುವಂತಿಲ್ಲ.
* ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಒಟ್ಟು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ, ಆಟಿಸಂ ಕೂಡ ಅದರಲ್ಲಿವೆ.
* ಅದೇ ಕಾಯ್ದೆಯ 16ನೇ ಕಲಂ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಈ ಮಕ್ಕಳನ್ನು ಸೇರಿಸಿಕೊಳ್ಳಬೇಕು. ಖಾಸಗಿ ಶಾಲೆಗೂ ಇದು ಅನ್ವಯ.
* ಶೇ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ (31ನೇ ಕಲಂ). "14 ತುಂಬಿತು, ಇನ್ನು ನಮ್ಮ ಜವಾಬ್ದಾರಿ ಅಲ್ಲ" ಅನ್ನುವ ಮಾತು ಇಲ್ಲಿ ನಡೆಯಲ್ಲ.

ಹಳೇ ಶಾಲೆ ಬಿಡುವ ಮುನ್ನ

ಒಂದು ಫೈಲ್ ಮಾಡಿಕೊಳ್ಳಿ. ಜೆರಾಕ್ಸ್ ಎರಡು ಸೆಟ್ ಇರಲಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ, ತೋರಿಸಿ ವಾಪಸ್ ಪಡೆಯಿರಿ.

1. ಟಿ.ಸಿ. ಮತ್ತು ಎಸ್‌ಎಟಿಎಸ್ ಸಂಖ್ಯೆ.
2. ಯುಡಿಐಡಿ ಕಾರ್ಡ್ ಅಥವಾ ಅಂಗವೈಕಲ್ಯ ಪ್ರಮಾಣಪತ್ರ. ಯುಡಿಐಡಿ ದೇಶದೆಲ್ಲೆಡೆ ನಡೆಯುತ್ತೆ.
3. ಡಾಕ್ಟರ ಚೀಟಿ, ಕಿವಿ-ಕಣ್ಣಿನ ಪರೀಕ್ಷೆ ವರದಿ, ಫಿಸಿಯೋಥೆರಪಿ ವಿವರ.
4. ಕ್ಲಾಸ್ ಟೀಚರ್ ಅಥವಾ ಬಿಐಇಆರ್‌ಟಿ ಅವರಿಂದ ಒಂದು ಪುಟದ ಟಿಪ್ಪಣಿ. ಮಗುವಿಗೆ ಏನು ಬರುತ್ತೆ, ಎಲ್ಲಿ ಕಷ್ಟ, ಯಾವ ರೀತಿ ಹೇಳಿಕೊಟ್ಟರೆ ಕಲಿಯುತ್ತೆ ಅನ್ನೋದು ಅದರಲ್ಲಿರಲಿ.

ನಾಲ್ಕನೆಯದನ್ನೇ ಬಹಳ ಜನ ಬಿಟ್ಟುಬಿಡ್ತಾರೆ. ಹೊಸ ಮೇಷ್ಟ್ರಿಗೆ ಹೆಚ್ಚು ಉಪಯೋಗಕ್ಕೆ ಬರೋದು ಅದೇ.

ಹೊಸ ಶಾಲೆಯಲ್ಲಿ ಮೊದಲ ವಾರ

ಮುಖ್ಯ ಶಿಕ್ಷಕರಿಗೆ ಬಾಯಿಮಾತಲ್ಲಿ ಹೇಳಿ ಸುಮ್ಮನಾಗಬೇಡಿ, ಅರ್ಜಿ ಬರೆದು ಕೊಡಿ. ಹೀಗೆ ಬರೆದರೆ ಸಾಕು:

"ನನ್ನ ಮಗ/ಮಗಳು ನಿಮ್ಮ ಶಾಲೆಯ ____ ತರಗತಿಗೆ ಸೇರಿದ್ದು, ____ ತೊಂದರೆ ಇರುತ್ತದೆ. ಹಿಂದಿನ ಶಾಲೆಯಲ್ಲಿ ____ ಸೌಲಭ್ಯ ಸಿಗುತ್ತಿತ್ತು. ಅದನ್ನು ಇಲ್ಲಿಯೂ ಮುಂದುವರಿಸಿ, ಬಿಆರ್‌ಸಿಯ ಬಿಐಇಆರ್‌ಟಿ ಅವರಿಗೆ ಮಾಹಿತಿ ನೀಡಬೇಕಾಗಿ ಕೋರುತ್ತೇನೆ. ದಾಖಲೆಗಳ ಪ್ರತಿ ಲಗತ್ತಿಸಿದೆ."

ನಿಮ್ಮ ಪ್ರತಿಯ ಮೇಲೆ ಶಾಲೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಎಸ್‌ಎಟಿಎಸ್ ದಾಖಲೆಯಲ್ಲಿ ವಿಶೇಷ ಅಗತ್ಯದ ಮಗು ಎಂದು ನಮೂದಾಗಿದೆಯಾ ಅಂತ ಕೇಳಿ. ದಾಖಲೆಯಲ್ಲಿ ಇಲ್ಲದಿದ್ದರೆ ಸೌಲಭ್ಯದ ಪಟ್ಟಿಯಲ್ಲೂ ಹೆಸರು ಬರುವುದು ಕಷ್ಟ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 3,500 ರೂ.ವರೆಗಿನ ನೆರವಿಗೆ ಅವಕಾಶವಿದೆ. ಅದು ಪೂರ್ತಿ ನಗದಲ್ಲ, ಸಾಧನ-ಸಲಕರಣೆ, ಪ್ರಯಾಣ, ಬೆಂಗಾವಲು ಭತ್ಯೆಯಂಥವು ಅದರಲ್ಲಿ ಸೇರುತ್ತವೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂ.ನಂತೆ 10 ತಿಂಗಳು ಪ್ರೋತ್ಸಾಹಧನ ಇದೆ. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆ ಇದ್ದರೆ ಗೃಹಾಧಾರಿತ ಶಿಕ್ಷಣ ಕೇಳಬಹುದು.

ಪಾವಗಡ ಗಡಿಯವರಿಗೆ

ಮಡಕಶಿರಾ, ಹಿಂದೂಪುರ, ಪೆನುಕೊಂಡ ಕಡೆಯಿಂದ ಬರುವ ಮಗುವಿಗೆ ಕರ್ನಾಟಕದ ಎಸ್‌ಎಟಿಎಸ್ ಸಂಖ್ಯೆ ಇರಲ್ಲ, ಹೊಸದಾಗಿ ಮಾಡಿಸಬೇಕು. ತೆಲುಗಿನಲ್ಲಿ ಓದಿದ ಮಗು ಕನ್ನಡದಲ್ಲಿ ತಡವರಿಸಿದರೆ ಅದನ್ನೇ ಬುದ್ಧಿಮಾಂದ್ಯ ಅಂದುಕೊಳ್ಳುವ ಅಪಾಯವಿದೆ. ನಿಜವಾದ ಕಲಿಕಾ ತೊಂದರೆಯನ್ನು "ಭಾಷೆ ಬರಲ್ಲ ಅಷ್ಟೇ" ಅಂತ ತಳ್ಳಿಹಾಕುವುದೂ ಉಂಟು. ಮನೆಯಲ್ಲಿ ಯಾವ ಭಾಷೆ ಆಡ್ತೀರಿ ಅನ್ನೋದನ್ನು ಅರ್ಜಿಯಲ್ಲೇ ಬರೆಯಿರಿ.

ಎಸ್ಸೆಸ್ಸೆಲ್ಸಿಗೆ ಈಗಲೇ ತಯಾರಿ

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ-ಮೂರನೇ ಭಾಷೆಯಿಂದ ವಿನಾಯಿತಿ ಇವಕ್ಕೆಲ್ಲ 2016ರ ಕಾಯ್ದೆಯಲ್ಲಿ ಅವಕಾಶವಿದೆ. ಅರ್ಜಿ ಹೋಗೋದು ಶಾಲೆಯ ಮೂಲಕ, ಪ್ರಮಾಣಪತ್ರದ ಜೊತೆ. ಹಾಗಾಗಿ ಎಂಟನೇ ತರಗತಿಗೆ ಸೇರಿಸುವಾಗಲೇ ಮಾತಾಡಿ. ಪರೀಕ್ಷೆ ಹತ್ತಿರ ಬಂದಾಗ ಆಸ್ಪತ್ರೆಗೆ ಅಲೆದರೆ ಪ್ರಯೋಜನವಿಲ್ಲ.

ಕೆಲಸ ಆಗದಿದ್ದರೆ

ಮೊದಲು ಬಿಇಒ, ಆಮೇಲೆ ಡಿಡಿಪಿಐ ಅವರಿಗೆ ಲಿಖಿತ ದೂರು ಕೊಡಿ. ಅಲ್ಲೂ ಆಗದಿದ್ದರೆ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರು ಅಥವಾ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು. ಮಕ್ಕಳ ಸಹಾಯವಾಣಿ 1098. ಅರ್ಜಿ ಬರೆಯಲು ಬಾರದವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು ಅಥವಾ ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು ಅವರನ್ನು ಕಾಣಿ. ಯುಡಿಐಡಿ ಕಾರ್ಡಿನ ವಿಷಯದಲ್ಲೂ ಅವರು ನೆರವಾಗುತ್ತಾರೆ.

ಅಕ್ಕಪಕ್ಕದಲ್ಲಿ ಇಂಥ ಮಗು ಜೂನ್ ಕಳೆದರೂ ಮನೆಯಲ್ಲೇ ಇದ್ದರೆ, ಅಂಗಡಿ ಮುಂದೆ ದಿನವೆಲ್ಲ ಕೂತಿರೋದು ಕಂಡರೆ, ಪೋಷಕರಿಗೆ ಬಿಆರ್‌ಸಿ ದಾರಿ ತೋರಿಸಿ.