ಸಿಪಾಯಿಯ ಹೆಜ್ಜೆ, ಪಿಂಚಣಿದಾರನ ಹೆಜ್ಜೆ

ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ, ಹಳಬರ ಮಾತಿನ ದಂಡಿನಲ್ಲಿ, ಮನುಷ್ಯನ ನಡಿಗೆಗೆ ಮೊದಲು ಅಳತೆ ಬಿದ್ದದ್ದು ಕವಾಯತಿನ ಮೈದಾನದಲ್ಲಿ. ಶ್ರೀರಂಗಪಟ್ಟಣದ ಸೇನಾನೆಲೆಯನ್ನು 1809ರಲ್ಲಿ ಹಲಸೂರಿನ ಪಕ್ಕದ ಬಯಲಿಗೆ ತಂದ ಮೇಲೆ ಇಲ್ಲಿನ ಜೀವನವೆಲ್ಲ ಪೆರೇಡ್ ಮೈದಾನದ ಸುತ್ತ ಹರಡಿಕೊಂಡಿತು. ಇಂದಿನ ಮಹಾತ್ಮ ಗಾಂಧಿ ರಸ್ತೆಗೆ ಅಂದು ಇದ್ದ ಹೆಸರೇ ಸೌತ್ ಪೆರೇಡ್. ಬ್ರಿಟಿಷ್ ಕವಾಯತಿನ ನಿಯಮದಲ್ಲಿ ಸಿಪಾಯಿಯ ಒಂದು ಹೆಜ್ಜೆ ಎಂದರೆ 30 ಅಂಗುಲ, ಒಂದು ನಿಮಿಷಕ್ಕೆ ಸುಮಾರು 120 ಹೆಜ್ಜೆ. ಎತ್ತರದವನು ಹೆಜ್ಜೆಯನ್ನು ಕುಗ್ಗಿಸಬೇಕು, ಗಿಡ್ಡನೆಯವನು ಹಿಗ್ಗಿಸಬೇಕು, ಇಡೀ ಪಲ್ಟನು ಒಂದೇ ಕಾಲಿನಲ್ಲಿ ನಡೆದಂತೆ ಕಾಣಬೇಕು. ಅದೇ ಸಿಪಾಯಿ ಪಿಂಚಣಿ ಪಡೆದು ಹಲಸೂರಿನ ಓಣಿಯಲ್ಲೋ, ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದಲ್ಲೋ ಮನೆ ಮಾಡಿಕೊಂಡು, ಎಪ್ಪತ್ತರ ವಯಸ್ಸಿನಲ್ಲಿ ಗೋಡೆ ಹಿಡಿದು ಹಿತ್ತಿಲಿಗೆ ಹೋಗುವಾಗ ಅವನ ಹೆಜ್ಜೆಯ ಉದ್ದವೆಷ್ಟು ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆ ಹುಟ್ಟಲು ಸುಮಾರು ಒಂದೂವರೆ ಶತಮಾನ ಬೇಕಾಯಿತು.

ಇದು ಬೆಂಗಳೂರೊಂದರ ಅಲಕ್ಷ್ಯವಲ್ಲ. ನಡಿಗೆಯ ವಿಜ್ಞಾನವೇ ಆರಂಭದಲ್ಲಿ ತರುಣ ದೇಹದ ವಿಜ್ಞಾನವಾಗಿತ್ತು. ಲೈಪ್‌ಜಿಗ್‌ನ ಅಂಗರಚನಾ ತಜ್ಞ ವಿಲ್ಹೆಲ್ಮ್ ಬ್ರೌನ್ ಮತ್ತು ಗಣಿತಜ್ಞ ಒಟ್ಟೊ ಫಿಷರ್ ಮನುಷ್ಯನ ನಡಿಗೆಯನ್ನು ಛಾಯಾಚಿತ್ರಗಳ ಮೂಲಕ ಲೆಕ್ಕ ಹಾಕಿದಾಗ ಅವರ ಕುತೂಹಲವಿದ್ದದ್ದು ಸೈನಿಕನ ಹೊರೆ ಅವನ ಚಲನೆಯನ್ನು ಹೇಗೆ ಬದಲಿಸುತ್ತದೆ ಎಂಬುದರಲ್ಲಿ. ಮುದುಕರ ನಡಿಗೆ ಕೆಟ್ಟರೆ ಅದನ್ನು ರೋಗವೆಂದೂ ಕರೆಯುತ್ತಿರಲಿಲ್ಲ. ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತಿತ್ತು.

ದಂಡು ಮಾತ್ರ ಆಗಲೇ ವೃದ್ಧರ ಊರಾಗತೊಡಗಿತ್ತು. ಹಿತವಾದ ಹವೆಯನ್ನು ನೆಚ್ಚಿ ನಿವೃತ್ತ ಅಧಿಕಾರಿಗಳು ಇಲ್ಲಿನ ಬಂಗಲೆಗಳಲ್ಲಿ ಉಳಿದರು, ಬೆಂಗಳೂರಿಗೆ ‘ಪಿಂಚಣಿದಾರರ ಸ್ವರ್ಗ’ ಎಂಬ ಹೆಸರು ಅಂಟಿಕೊಂಡಿತು. ಅವರಿಗಾಗಿ ಆದ ಏರ್ಪಾಡುಗಳು ಮುಖ್ಯವಾಗಿ ಎರಡು ಬಗೆಯವು. ಒಂದು ಚಿಕಿತ್ಸೆ: ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಆಸ್ಪತ್ರೆ 1868ರಲ್ಲಿ ಶಿವಾಜಿನಗರದ ಅಂಚಿನಲ್ಲಿ ಸಿದ್ಧವಾಯಿತು. ಇನ್ನೊಂದು ಆಶ್ರಯ: ಫ್ರಾನ್ಸಿನ ಜೀನ್ ಜುಗಾನ್ 1839ರಲ್ಲಿ ಕುರುಡಿಯಾದ ಒಬ್ಬ ಮುದುಕಿಯನ್ನು ಮನೆಗೆ ತಂದು ಉಪಚರಿಸುವುದರೊಂದಿಗೆ ಮೊದಲಾದ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಸಂಸ್ಥೆಯ ಸನ್ಯಾಸಿನಿಯರು 1900ರಲ್ಲಿ ಬೆಂಗಳೂರಿಗೆ ಬಂದು, ದಂಡಿನ ದಕ್ಷಿಣದ ಹೊಸೂರು ರಸ್ತೆಯ ಕಡೆ ವೃದ್ಧಾಶ್ರಮ ನಡೆಸತೊಡಗಿದರು. ಬಿದ್ದವರನ್ನು ಎತ್ತುವುದಕ್ಕೆ, ಎದ್ದೇಳಲಾರದವರನ್ನು ಸಾಕುವುದಕ್ಕೆ ಜಾಗಗಳಿದ್ದವು. ಬೀಳದಂತೆ ನೋಡಿಕೊಳ್ಳುವುದು ಯಾರ ಕೆಲಸವೂ ಆಗಿರಲಿಲ್ಲ.

ಬಿದ್ದ ಮೇಲಿನ ಗತಿಯಾದರೂ ಏನಿತ್ತು ಎಂಬುದನ್ನು ತುಸು ವಿವರವಾಗಿಯೇ ನೋಡಬೇಕು. ಮುಪ್ಪಿನಲ್ಲಿ ಮೂಳೆ ಟೊಳ್ಳಾಗುವುದರಿಂದ ಬಿದ್ದವರಲ್ಲಿ ಎರಡು ಕಡೆ ಮುರಿತ ಹೆಚ್ಚು: ಕೈಯೂರಿ ಬಿದ್ದರೆ ಮಣಿಕಟ್ಟು, ಪಕ್ಕಕ್ಕೆ ಬಿದ್ದರೆ ಸೊಂಟದ ಕೀಲಿಗೆ ಸೇರುವ ತೊಡೆಮೂಳೆಯ ಕತ್ತು. ಮಣಿಕಟ್ಟಿಗೆ ಈ ಭಾಗದ ಜನ ನಂಬಿದ್ದು, ಇಂದಿಗೂ ಅನೇಕರು ನಂಬುವುದು, ಪುತ್ತೂರು ಕಟ್ಟನ್ನು. ಈ ಪುತ್ತೂರು ದಕ್ಷಿಣ ಕನ್ನಡದ್ದಲ್ಲ, ಆಂಧ್ರದ ಚಿತ್ತೂರು ಸೀಮೆಯದು. ತಿರುಪತಿಯ ಹಾದಿಯಲ್ಲಿರುವ ಆ ಊರಿನ ರಾಜು ಮನೆತನ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ವೃತ್ತಿಯನ್ನು ಆರಂಭಿಸಿತೆಂಬುದು ಪ್ರತೀತಿ. ಸೊಪ್ಪಿನ ಅರೆಪು, ಮೊಟ್ಟೆಯ ಬಿಳಿ, ಬಟ್ಟೆ, ಬಿದಿರಿನ ದಬ್ಬೆ, ಇಷ್ಟರಿಂದ ಕಟ್ಟುವ ಈ ಕಟ್ಟಿನ ಬೋರ್ಡುಗಳು ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಕಾಣುತ್ತವೆ. ಸ್ಥಾನ ತಪ್ಪದ ಮುರಿತವನ್ನು ಅಲುಗಾಡದಂತೆ ಹಿಡಿದಿಟ್ಟರೆ ಮೂಳೆ ತಾನಾಗಿ ಕೂಡಿಕೊಳ್ಳುತ್ತದೆ ಎಂಬ ತತ್ವದಲ್ಲಿ ಕಟ್ಟಿಗೂ ಪ್ಲಾಸ್ಟರಿಗೂ ಹೆಚ್ಚಿನ ಅಂತರವಿಲ್ಲ. ಆದರೆ ತೊಡೆಮೂಳೆಯ ಕತ್ತು ಯಾವ ದಬ್ಬೆಗೂ ದಕ್ಕುವುದಿಲ್ಲ: ಅದು ಮಾಂಸದ ಆಳದಲ್ಲಿದೆ, ಮುರಿತದೊಂದಿಗೆ ಹಲವೊಮ್ಮೆ ಮೂಳೆಯ ತಲೆಗೆ ಹೋಗುವ ರಕ್ತನಾಳಗಳೂ ಹರಿಯುತ್ತವೆ. ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1822ರಲ್ಲೇ ಕೀಲಿನ ಕೋಶದೊಳಗಿನ ಇಂಥ ಮುರಿತ ಕೂಡಿಕೊಳ್ಳುವುದಿಲ್ಲವೆಂದು ಬರೆದಿದ್ದ. 1931ರಲ್ಲಿ ಶಸ್ತ್ರವೈದ್ಯ ಸ್ಮಿತ್-ಪೀಟರ್ಸನ್ ಲೋಹದ ಮೊಳೆಯಿಂದ ಅದನ್ನು ಬಿಗಿಯುವ ವಿಧಾನವನ್ನು ಪ್ರಕಟಿಸುವವರೆಗೆ, ನಾಟಿ ವೈದ್ಯನಿಗೂ ಸಿವಿಲ್ ಸರ್ಜನ್ನನಿಗೂ ಈ ಮುರಿತದ ಮುಂದೆ ಬಹುಮಟ್ಟಿಗೆ ಒಂದೇ ಅಸಹಾಯಕತೆ. ಹಾಸಿಗೆ ಹಿಡಿದವರು ಬೆನ್ನಹುಣ್ಣಿನಿಂದಲೋ ನ್ಯುಮೋನಿಯಾದಿಂದಲೋ ತೀರಿಕೊಳ್ಳುತ್ತಿದ್ದರು. ಸಾವಿಗೆ ಕಾರಣ ಕೇಳಿದರೆ ಬೀಳುವಿಕೆಯ ಹೆಸರು ಬರುತ್ತಿರಲಿಲ್ಲ.

ಬೀಳುವುದನ್ನೇ ಅಧ್ಯಯನದ ವಸ್ತುವಾಗಿಸಿದ ಮೊದಲಿಗರಲ್ಲಿ ಒಬ್ಬನೆಂದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ವೈದ್ಯ ಜೆ. ಎಚ್. ಶೆಲ್ಡನ್‌ನನ್ನು ಹೇಳಬೇಕು. 1960ರಲ್ಲಿ ಆತ 202 ಮಂದಿಯ 500 ಬೀಳುವಿಕೆಗಳನ್ನು ವಿಚಾರಿಸಿ, ಎಡವಿದ್ದು, ಮೆಟ್ಟಿಲ ಮೇಲೆ ತಪ್ಪಿದ್ದು, ತಲೆ ಸುತ್ತಿದ್ದು, ಎಚ್ಚರವಿದ್ದೂ ಕಾಲು ಸೋತು ಥಟ್ಟನೆ ಕುಸಿದದ್ದು ಎಂದು ಬೇರೆ ಬೇರೆ ಮಾಡಿದ. ಕನ್ನಡಿಗರಿಗೆ ಈ ವರ್ಗೀಕರಣ ಹೊಸದೆನಿಸಲಾರದು. ಎಡವುವುದು, ಮುಗ್ಗರಿಸುವುದು, ಜಾರುವುದು, ತೂರಾಡುವುದು, ಕುಸಿಯುವುದು ಎಂಬ ಮಾತುಗಳು ಒಂದಕ್ಕೊಂದು ಬದಲಿಯಲ್ಲ: ಎಡವಲು ಹೊಸ್ತಿಲೋ ಕಲ್ಲೋ ಬೇಕು, ಜಾರಲು ನೆಲ ಒದ್ದೆಯಾಗಿರಬೇಕು, ಕುಸಿಯಲು ಇವಾವುದೂ ಬೇಡ, ದೇಹವೊಂದೇ ಸಾಕು. ವೈದ್ಯರು ‘ಬಿದ್ದಿರಾ?’ ಎಂದು ಕೇಳುವ ಬದಲು ಈ ಐದರಲ್ಲಿ ಯಾವುದೆಂದು ಕೇಳಿದರೆ ಅರ್ಧ ರೋಗನಿರ್ಣಯ ಅಲ್ಲೇ ಆದೀತು.

ದೇಹದ ಪಾಲನ್ನು ತಿಳಿಯಲು ಸಮತೋಲನದ ಕೆಲಸವನ್ನು ತಿಳಿಯಬೇಕು. ನಿಂತ ಮನುಷ್ಯನನ್ನು ಮೂರು ಬಗೆಯ ಸುದ್ದಿಗಳು ನಿಲ್ಲಿಸಿರುತ್ತವೆ: ಕಣ್ಣಿನದು, ಒಳಕಿವಿಯ ಅರ್ಧವರ್ತುಲ ನಾಳಗಳದು, ಅಂಗಾಲು ಮತ್ತು ಕೀಲುಗಳಿಂದ ಬರುವ ಸ್ಪರ್ಶದ್ದು. ಬರ್ಲಿನ್ನಿನ ಮೋರಿಟ್ಸ್ ರೋಂಬರ್ಗ್ 1840ರ ದಶಕದಲ್ಲಿ, ಬೆನ್ನುಹುರಿ ಕೆಟ್ಟ ರೋಗಿಗಳು ಕಣ್ಣು ತೆರೆದಾಗ ನಿಲ್ಲಬಲ್ಲರು, ಮುಚ್ಚಿದೊಡನೆ ತೂರಾಡುತ್ತಾರೆ ಎಂಬುದನ್ನು ಗುರುತಿಸಿದ. ಕಾಲಿನ ಸುದ್ದಿ ನಿಂತವರು ಕಣ್ಣನ್ನೇ ಊರುಗೋಲು ಮಾಡಿಕೊಂಡಿರುತ್ತಾರೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರ ಪಾಡೂ ಇದೇ. ಎಣ್ಣೆ ಸ್ನಾನದ ದಿನದ ಬಚ್ಚಲುಮನೆ ರೋಂಬರ್ಗನ ಪರೀಕ್ಷೆಯನ್ನು ಅವನಿಗಿಂತ ಕಠಿಣವಾಗಿ ನಡೆಸುತ್ತದೆ: ಸೀಗೆಕಾಯಿಯ ಉರಿಗೆ ಕಣ್ಣು ಮುಚ್ಚಿರುತ್ತದೆ, ತಲೆ ಬಗ್ಗಿರುತ್ತದೆ, ನಯವಾದ ಕಲ್ಲಿನ ಮೇಲೆ ಎಣ್ಣೆ ಹರಿದಿರುತ್ತದೆ.

ನೆಲದ ಚರಿತ್ರೆಯೂ ಈ ಕಥೆಗೆ ಸೇರಿದ್ದೇ. ದಂಡಿನ ಹಳೆಯ ಮನೆಗಳ ಕೆಂಪು ಗಾರೆಯ ನೆಲ ಒಣಗಿದ್ದಾಗ ಕಾಲಿಗೆ ಹಿಡಿತ ಕೊಡುತ್ತಿತ್ತು; ಊಟ, ಪೂಜೆ, ಹರಟೆ ಎಲ್ಲವೂ ಆ ನೆಲದ ಮೇಲೆಯೇ ಆಗುತ್ತಿದ್ದುದರಿಂದ ಮನೆಯವರು ದಿನಕ್ಕೆ ಹತ್ತಾರು ಸಲ ಕೂತು ಏಳುತ್ತಿದ್ದರು. ನಮಾಜಿನ ಬಾಗು, ಮಂಡಿ, ಏಳುವಿಕೆಯೂ ಅದೇ ಅಭ್ಯಾಸದ ಇನ್ನೊಂದು ರೂಪ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ ಐಟಿಐ, 1956ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಕಾರ್ಖಾನೆಗಳು ಬಂದು, ಅವುಗಳ ನೌಕರರೂ ಸೇನೆಯಿಂದ ನಿವೃತ್ತರಾದವರೂ ಇಂದಿರಾನಗರದಂಥ ಬಡಾವಣೆಗಳಲ್ಲಿ ಮನೆ ಕಟ್ಟಿಸಿದಾಗ, ಮೊಸಾಯಿಕ್ ನೆಲ, ಊಟದ ಮೇಜು, ಸೋಫಾ, ಕಮೋಡು ಅನುಕೂಲಗಳಾಗಿ ಒಳಬಂದವು. ಆಮೇಲೆ ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸ್ ಬಂತು. ಮಂಡಿ ನೋವಿದ್ದವರಿಗೆ ಕುರ್ಚಿ ನಿಜಕ್ಕೂ ವರ. ಆದರೆ ತೊಡೆಯ ಸ್ನಾಯುಗಳಿಗೆ ತಿಳಿಯದಂತೆ ಸಿಗುತ್ತಿದ್ದ ಕಸರತ್ತು ಆ ಅನುಕೂಲದೊಂದಿಗೇ ಮನೆಬಿಟ್ಟಿತು. ಅದರ ಬದಲಿಗೆ ಬಂದದ್ದು ‘ವಾಕಿಂಗ್’. ಹಲಸೂರು ಕೆರೆಯ ದಂಡೆ, ಫ್ರೇಜರ್ ಟೌನಿನ ಕೋಲ್ಸ್ ಪಾರ್ಕುಗಳ ಮುಂಜಾನೆಯ ನಡಿಗೆ ಹೃದಯಕ್ಕೂ ಮನಸ್ಸಿಗೂ ಒಳ್ಳೆಯದೇ. ಬೀಳುವುದನ್ನು ತಡೆಯಲು ಮಾತ್ರ ಸಮತಟ್ಟಾದ ಹಾದಿಯ ನಡಿಗೆಯೊಂದೇ ಸಾಲದು, ಸಮತೋಲನವನ್ನು ಕೆಣಕುವ ವ್ಯಾಯಾಮವೂ ಕಾಲಿನ ಬಲವೂ ಬೇಕು ಎಂಬುದು ಈಚಿನ ಸಂಶೋಧನೆಗಳ ಒಮ್ಮತ. ನ್ಯೂಜಿಲೆಂಡಿನ ಒಟಾಗೋದಲ್ಲಿ 80 ದಾಟಿದ ಮಹಿಳೆಯರಿಗೆ ಮನೆಯಲ್ಲೇ ಇಂಥ ವ್ಯಾಯಾಮ ಕಲಿಸಿ, ಬೀಳುವುದು ಕಡಿಮೆಯಾಗುತ್ತದೆಂದು 1997ರಲ್ಲಿ ತೋರಿಸಲಾಯಿತು.

ಮುದುಕರ ಹೆಜ್ಜೆಗೆ ಅಳತೆ ಬಂದದ್ದೂ ಇದೇ ಕಾಲಕ್ಕೆ ತುಸು ಮೊದಲು. 1986ರಲ್ಲಿ ಮಥಾಯಸ್, ನಾಯಕ್, ಐಸಾಕ್ಸ್ ಎಂಬ ಮೂವರು, ಕುರ್ಚಿಯಿಂದ ಎದ್ದು, ಮೂರು ಮೀಟರು ನಡೆದು, ತಿರುಗಿ ಬಂದು ಕೂರುವ ಸರಳ ಪರೀಕ್ಷೆಯನ್ನು ರೂಪಿಸಿದರು. 1991ರಲ್ಲಿ ಕೆನಡಾದ ಪೊಡ್‌ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಅದಕ್ಕೆ ಗಡಿಯಾರ ಸೇರಿಸಿದರು. ಹನ್ನೆರಡು ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಈಗ ಎಣಿಸುತ್ತಾರೆ. ಅಮೆರಿಕದ ಮೇರಿ ಟಿನೆಟ್ಟಿ 1988ರಲ್ಲಿ 75 ದಾಟಿದ 336 ಮಂದಿಯನ್ನು ಒಂದು ವರ್ಷ ಗಮನಿಸಿದಾಗ ಶೇಕಡ 32ರಷ್ಟು ಜನ ಒಮ್ಮೆಯಾದರೂ ಬಿದ್ದಿದ್ದರು. ಔಷಧಗಳ ತಿದ್ದುಪಡಿ, ವ್ಯಾಯಾಮ, ಮನೆಯ ಸುಧಾರಣೆಗಳನ್ನು ಒಟ್ಟಿಗೆ ಮಾಡಿದರೆ ಬೀಳುವವರ ಸಂಖ್ಯೆ ಇಳಿಯುತ್ತದೆಂದು ಆಕೆಯ ತಂಡ 1994ರಲ್ಲಿ ತೋರಿಸಿತು. ಸ್ವೀಡನ್ನಿನಲ್ಲಿ 1997ರಲ್ಲಿ ಕಂಡುಕೊಂಡದ್ದು ಇನ್ನೂ ಸೂಕ್ಷ್ಮ: ಜೊತೆಯಲ್ಲಿ ನಡೆಯುವಾಗ ಮಾತಿಗೆಳೆದರೆ ನಡಿಗೆ ನಿಲ್ಲಿಸಿಬಿಡುವ ವೃದ್ಧರು ಮುಂದೆ ಬೀಳುವ ಸಂಭವ ಹೆಚ್ಚು, ಏಕೆಂದರೆ ಅವರ ನಡಿಗೆ ಮಿದುಳಿನ ಪೂರ್ಣ ಗಮನವನ್ನು ಬೇಡುವಷ್ಟು ದುಬಾರಿಯಾಗಿರುತ್ತದೆ.

ಈ ಅರಿವಿನಿಂದಾಗಿ ಮರೆವಿನ ರೋಗಕ್ಕೂ ನಡಿಗೆಗೂ ಇರುವ ನಂಟು ಸ್ಪಷ್ಟವಾಯಿತು. ಪೂರ್ವ ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ವೃದ್ಧಾಪ್ಯ ಮತ್ತು ಆಲ್‌ಝೈಮರ್ಸ್ ಕೇಂದ್ರವನ್ನು ತೆರೆದದ್ದು ಈ ಭಾಗದ ವೃದ್ಧಸೇವೆಯಲ್ಲಿ ದೊಡ್ಡ ತಿರುವು. ಹಲಸೂರಿನಿಂದ ಕೆ.ಆರ್. ಪುರದ ಮೇಲೆ ಹೋಗುವ ಹಳೆಯ ಮದರಾಸು ರಸ್ತೆಯನ್ನೇ ಹಿಡಿದು ಕೋಲಾರ ಜಿಲ್ಲೆಗೆ ಹೋದರೆ, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮಿದುಳಿಗೆ ಮುಪ್ಪು ಹೇಗೆ ಬರುತ್ತದೆಂದು ಅಧ್ಯಯನ ಮಾಡುತ್ತಿದ್ದಾರೆ. ಪಾಶ್ಚಾತ್ಯ ನಗರಗಳ ಅಂಕಿಗಳನ್ನೇ ಎರವಲು ತಂದು ಬಳಸುತ್ತಿದ್ದ ಕಾಲ ಮುಗಿಯಬೇಕಾದರೆ ಇಂಥ ದೀರ್ಘ ಅಧ್ಯಯನಗಳೇ ಬೇಕು.

ಬೀದಿಯದು ಬೇರೆ ಕಥೆ. ಕಾಲುದಾರಿಯ ಅಂಚು 150 ಮಿಲಿಮೀಟರಿಗಿಂತ ಎತ್ತರವಿರಬಾರದೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಮೋರಿಯ ಮೇಲೆ ಹಾಸಿದ ಚಪ್ಪಡಿಗಳು, ಪ್ರತಿ ಗೇಟಿನ ಮುಂದೆ ಕಾರಿಗಾಗಿ ಇಳಿಸಿ ಏರಿಸಿದ ಇಳಿಜಾರುಗಳು ಆ ಮಾತನ್ನು ಕೇಳಿಸಿಕೊಂಡಂತಿಲ್ಲ. 2011ರಿಂದ ಹಲಸೂರು, ಇಂದಿರಾನಗರಗಳಲ್ಲಿ ಮೆಟ್ರೊ ನಿಲ್ದಾಣಗಳಿವೆ, ಅವುಗಳಲ್ಲಿ ಲಿಫ್ಟ್ ಇದೆ. ಲಿಫ್ಟಿನಿಂದ ಮನೆಯವರೆಗಿನ ದಾರಿ ಮಾತ್ರ ಹಳೆಯದೇ. ಇಂದಿರಾನಗರದ ನೂರಡಿ ರಸ್ತೆಯನ್ನು ಅದರ ಹೆಸರಿನ ಅಳತೆಯಲ್ಲೇ ದಾಟುವುದಾದರೆ, ಕವಾಯತಿನ 30 ಅಂಗುಲದ ಹೆಜ್ಜೆಯಲ್ಲಿ ನಿಮಿಷಕ್ಕೆ 120ರಂತೆ ನಡೆಯುವ ಸಿಪಾಯಿಗೆ 20 ಸೆಕೆಂಡು ಸಾಕು. ಸಂಚಾರ ಎಂಜಿನಿಯರುಗಳು ಸಾಮಾನ್ಯವಾಗಿ ಎಣಿಸುವ ಸೆಕೆಂಡಿಗೆ 1.2 ಮೀಟರಿನ ಪಾದಚಾರಿಗೆ 25 ಸೆಕೆಂಡು ಹಿಡಿಯುತ್ತದೆ. ಸ್ನಾಯು ಸೊರಗಿದ ವೃದ್ಧರನ್ನು ಗುರುತಿಸಲು ವೈದ್ಯರು ಬಳಸುವ ಗೆರೆ ಸೆಕೆಂಡಿಗೆ 0.8 ಮೀಟರು, ಆ ವೇಗದಲ್ಲಿ ದಾಟುವವರಿಗೆ 38 ಸೆಕೆಂಡು ಬೇಕು.