ನೇತ್ರಾಣಿಯ ಕಡಲ ಹದ್ದು | ನಮ್ಮ ಕರಾವಳಿ ಕಥೆ, ಭಾಗ 6

ನಮ್ಮ ಸಿದ್ದಾಪುರದವರಿಗೆ ಹಕ್ಕಿ ನೋಡೋದು ಅಂದ್ರೆ ಘಟ್ಟದ ಕಾಡು. ಆದ್ರೆ ಬೈಂದೂರು ದಾಟಿ ಮುರ್ಡೇಶ್ವರದಲ್ಲಿ ದೋಣಿ ಹತ್ತಿದ್ರೆ, ಸುಮಾರು 19 ಕಿ.ಮೀ. ಆಚೆ ಕಡಲ ನಡುವೆ ನೇತ್ರಾಣಿ ದ್ವೀಪ ಸಿಗುತ್ತೆ.

ಬ್ರಿಟಿಷರು ಇದನ್ನ ‘ಪಿಜನ್ ಐಲ್ಯಾಂಡ್’, ಅಂದ್ರೆ ಪಾರಿವಾಳ ದ್ವೀಪ ಅಂತಿದ್ರು. ಕಂಪನಿ ಸೈನ್ಯದ ಡಾಕ್ಟರ್ ಟಿ.ಸಿ. ಜೆರ್ಡಾನ್, 1862ರ ತಮ್ಮ ಪುಸ್ತಕದಲ್ಲಿ ಇಲ್ಲಿನ ಬಿಳಿಹೊಟ್ಟೆಯ ಕಡಲ ಹದ್ದಿನ ಬಗ್ಗೆ ಬರೆದ್ರು: ಇಲ್ಲಿ ಅದರ ಗೂಡುಗಳಿವೆ, ಅದು ತಿಂದುಬಿಟ್ಟ ಕಡಲ ಹಾವಿನ ಮೂಳೆಗಳು ನೆಲದ ಮೇಲೆ ಬಿದ್ದಿವೆ.

ಮುಂದೆ ಇದೇ ದ್ವೀಪ ನೌಕಾಪಡೆಯ ಗುರಿ ಅಭ್ಯಾಸದ ಜಾಗವಾಯ್ತು. ಪರಿಸರ ಪ್ರಿಯರು ವಿರೋಧಿಸಿದ್ರು. ಜೆರ್ಡಾನ್ ಬರೆದಿಟ್ಟಿದ್ದಕ್ಕೇ, ಬಾಂಬಿಗಿಂತ ಹದ್ದು ಮೊದಲಿತ್ತು ಅಂತ ಇವತ್ತು ದಾಖಲೆ ಸಮೇತ ಹೇಳಬಹುದು.

ಸ್ಕೂಬಾಕ್ಕೆ ಹೋದವರು ಬರೀ ನೀರು ನೋಡ್ಬೇಡಿ, ತಲೆ ಎತ್ತಿ ಕಾಣಿ. ಹದ್ದು ಎಲ್ಲಿ ಕೂರುತ್ತೆ ಅಂತ ದೋಣಿಯವರನ್ನ ಕೇಳಿ. ಕಂಡದ್ದನ್ನ ತಾರೀಕು ಹಾಕಿ ಬರೆದಿಡಿ.