ಒಂದೇ ಮುಳ್ಳು, ಹಲವು ಕಿವಿ: ಭದ್ರಾವತಿ ಆಕಾಶವಾಣಿಯ ದಿನಚರಿ

ರೇಡಿಯೋ ನಿಲಯವೊಂದರ ಒಂದು ದಿನದ ಕಾರ್ಯಕ್ರಮಪಟ್ಟಿಯನ್ನು ಚರಿತ್ರೆಯ ದಾಖಲೆಯೆಂದು ಓದುವುದು ನಮ್ಮಲ್ಲಿ ಇನ್ನೂ ರೂಢಿಯಾಗಿಲ್ಲ. ಅದರಲ್ಲಿ ಏನು ಪ್ರಸಾರವಾಯಿತು ಎಂಬುದಕ್ಕಿಂತ, ಯಾವ ಹೊತ್ತಿಗೆ ಯಾರು ಕೇಳುತ್ತಿರುತ್ತಾರೆಂದು ನಿಲಯ ನಂಬಿತ್ತು ಎಂಬುದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಭದ್ರಾವತಿ ನಿಲಯ ಈ ಬಗೆಯ ಓದಿಗೆ ಹೇಳಿ ಮಾಡಿಸಿದಂತಿದೆ.

1965ರಲ್ಲಿ ಈ ನಿಲಯ ಆರಂಭವಾದಾಗ ರಾಜ್ಯದಲ್ಲಿ ಧಾರವಾಡ (1950) ಮತ್ತು ಬೆಂಗಳೂರು (1955) ಕೇಂದ್ರಗಳಷ್ಟೇ ಇದ್ದವು. ಅದಕ್ಕೂ ಹಿಂದೆ, 1935ರಲ್ಲಿ, ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಖಾಸಗಿಯಾಗಿ ಬಾನುಲಿ ನಡೆಸಿದ್ದರು. ಮಲೆನಾಡಿನ ಪಾಲಿಗೆ ನಿಲಯ ಬಂದದ್ದು ಜಿಲ್ಲಾ ಕೇಂದ್ರ ಶಿವಮೊಗ್ಗಕ್ಕಲ್ಲ, ಭದ್ರಾವತಿಗೆ. ಹೊಳೆಯ ಒಂದು ದಡದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ಪೇಟೆ, ಹಳೆಯ ಕೇರಿಗಳ ಓಲ್ಡ್ ಟೌನ್. ಇನ್ನೊಂದು ಬದಿಯಲ್ಲಿ ಕಬ್ಬಿಣದ ಕಾರ್ಖಾನೆಯ ಜೊತೆಗೇ ಬೆಳೆದ ನ್ಯೂ ಟೌನ್. ಕಾರ್ಖಾನೆ 1923ರಿಂದ ಉತ್ಪಾದನೆಯಲ್ಲಿತ್ತು, ಕಾಗದದ ಕಾರ್ಖಾನೆಯ ಸಂಸ್ಥೆ 1936ರಲ್ಲಿ ಹುಟ್ಟಿತ್ತು. ಊರ ಸುತ್ತ ಭದ್ರಾ ನಾಲೆಯ ಗದ್ದೆ, ಅಡಿಕೆ ತೋಟ. ಇಷ್ಟು ಬಗೆಯ ಕೇಳುಗರಿಗೆ ಸಿಕ್ಕಿದ್ದು ಒಂದೇ ನಿಲಯ.

ಇಲ್ಲಿ ಬ್ರಿಟನ್ನಿನ ಹೋಲಿಕೆ ನೆರವಾಗುತ್ತದೆ. ಯುದ್ಧ ಮುಗಿದ ಮೇಲೆ ಬಿಬಿಸಿ ಕೇಳುಗರನ್ನು ಅಭಿರುಚಿಯ ಮೇಲೆ ಮೂರಾಗಿ ವಿಂಗಡಿಸಿತು: ಎಲ್ಲರಿಗೂ ಹೋಮ್ ಸರ್ವಿಸ್, ಹಗುರ ಮನರಂಜನೆಗೆ 1945ರ ಲೈಟ್ ಪ್ರೋಗ್ರಾಂ, ಪಂಡಿತರಿಗೆ 1946ರ ಥರ್ಡ್ ಪ್ರೋಗ್ರಾಂ. ಜನ ಕ್ರಮೇಣ ಕೆಳಗಿನ ಮೆಟ್ಟಿಲಿಂದ ಮೇಲಿನದಕ್ಕೆ ಏರುತ್ತಾರೆಂದು ಮಹಾನಿರ್ದೇಶಕ ವಿಲಿಯಂ ಹೇಲಿ ಆಶಿಸಿದ್ದರು. ಕೇಳುಗರು ಏರುವ ಬದಲು ತಮ್ಮ ತಮ್ಮ ಮೆಟ್ಟಿಲ ಮೇಲೆ ಆರಾಮಾಗಿ ಕೂತರು ಎಂದೇ ನನಗನ್ನಿಸುತ್ತದೆ.

ಭದ್ರಾವತಿಯಲ್ಲಿ ಹೀಗೆ ಹಂಚುವ ಅನುಕೂಲವಿರಲಿಲ್ಲ. ಅಲ್ಲಿ ಮುಳ್ಳು ತಿರುಗಿಸಿ ಆಯ್ದದ್ದನ್ನು ಇಲ್ಲಿ ಗಡಿಯಾರ ಆಯ್ದುಕೊಟ್ಟಿತು. ಬೆಳಗ್ಗೆ ವಂದೇ ಮಾತರಂ, ಭಕ್ತಿಗೀತೆ, ಚಿಂತನ. ಬೆಂಗಳೂರಿನಿಂದ ಪ್ರದೇಶ ಸಮಾಚಾರ, ದೆಹಲಿಯಿಂದ ಕನ್ನಡ ವಾರ್ತೆ. ಮಧ್ಯಾಹ್ನ ಅಡುಗೆ ಕೆಲಸ ಮುಗಿಸಿದ ಗೃಹಿಣಿಗೆಂದು ಮಹಿಳೆಯರ ಕಾರ್ಯಕ್ರಮ, ಚಿತ್ರಗೀತೆ. ಸಂಜೆ ಗದ್ದೆಯಿಂದ ಮರಳಿದವರಿಗೆ ಕೃಷಿರಂಗ, ರಾತ್ರಿ ಶಾಸ್ತ್ರೀಯ ಸಂಗೀತ, ನಾಟಕ. ಇದರ ಫಲ ಯೋಜಕರು ಎಣಿಸದೇ ಇದ್ದದ್ದು: ತನಗೆಂದು ಮಾಡದ ಕಾರ್ಯಕ್ರಮವೂ ಕೇಳುಗನ ಕಿವಿಗೆ ಬಿತ್ತು. ಚಿತ್ರಗೀತೆಗೆ ಕಾದ ಪೇಟೆಯ ಹುಡುಗ ಅದಕ್ಕೂ ಮುಂಚೆ ಬೆಂಕಿರೋಗಕ್ಕೆ ಔಷಧಿ ಹೊಡೆಯುವ ಸಲಹೆ ಕೇಳಬೇಕಿತ್ತು. ಪೇಟೆ ಧಾರಣೆಗೆ ಕೂತ ರೈತ ಹಾಗೆಯೇ ಗಮಕಕ್ಕೂ ಕೂರುತ್ತಿದ್ದ. ಗಮಕ ಇಲ್ಲಿಗೆ ಹೊರಗಿನದೇನಲ್ಲ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರ ಹೊಸಹಳ್ಳಿ ಇದೇ ಜಿಲ್ಲೆಯ ತುಂಗೆಯ ದಡದಲ್ಲಿದೆ.

ಕೃಷಿಗೆ ಸಿಕ್ಕ ಜಾಗ ಸ್ಥಳೀಯ ಆಯ್ಕೆ ಮಾತ್ರವಲ್ಲ. 1956ರಲ್ಲಿ ಪುಣೆ ಪ್ರದೇಶದ ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ರೇಡಿಯೋ ಗ್ರಾಮಗೋಷ್ಠಿಗಳ ಪ್ರಯೋಗ ನಡೆದಿತ್ತು. ಅಧಿಕ ಇಳುವರಿ ತಳಿಗಳ ಪ್ರಚಾರ ಶುರುವಾದ 1966ರ ಸುಮಾರಿಗೆ ಆಕಾಶವಾಣಿ ಕೃಷಿ ಮತ್ತು ಗೃಹ ವಿಭಾಗಗಳನ್ನು ತೆರೆಯಿತು. ತಂಜಾವೂರಿನಲ್ಲಿ ಎಡಿಟಿ-27 ಭತ್ತ ಬಾನುಲಿಯ ಮೂಲಕವೇ ಹರಡಿ ರೇಡಿಯೋ ಭತ್ತ ಎನಿಸಿಕೊಂಡಿತು. ಬ್ರಿಟನ್ನಿನಲ್ಲೂ 1951ರಿಂದ ದೇಶಕ್ಕೆಲ್ಲ ಕೇಳಿಸಿದ ‘ದಿ ಆರ್ಚರ್ಸ್’ ಧಾರಾವಾಹಿ ಮೊದಲು ಕಥೆಯ ನೆಪದಲ್ಲಿ ಬೇಸಾಯದ ಸಲಹೆ ಕೊಡಲೆಂದೇ ಹುಟ್ಟಿದ್ದು.

ಹಾಗಾದರೆ ಕಾರ್ಮಿಕ? ಬಿಬಿಸಿ 1940ರಲ್ಲಿ ‘ಮ್ಯೂಸಿಕ್ ವೈಲ್ ಯು ವರ್ಕ್’ ಆರಂಭಿಸಿ, ಕೆಲಸದ ವೇಗ ತಗ್ಗದಂಥ ಧಾಟಿಗಳನ್ನು ಕಾರ್ಖಾನೆಗಳ ಧ್ವನಿವರ್ಧಕಗಳಿಗೆ ಉಣಬಡಿಸಿತು. ಮರುವರ್ಷ ಕಾರ್ಖಾನೆಯ ಕ್ಯಾಂಟೀನಿನಿಂದಲೇ ‘ವರ್ಕರ್ಸ್ ಪ್ಲೇಟೈಮ್’ ಬಿತ್ತರಿಸಿತು. ಅದರ ಹಿಂದೆ ಯುದ್ಧಸಾಮಗ್ರಿಯ ಅವಸರವಿತ್ತು. ನಮ್ಮಲ್ಲಿ ದಿನದ ಚೌಕಟ್ಟು ನಿಂತದ್ದು ರೈತನ ದಿನಚರಿಯ ಮೇಲೆ: ಕೋಳಿ ಕೂಗುವಾಗ ಶುರು, ದೀಪ ಹಚ್ಚುವಾಗ ಕೃಷಿ. ಊದುಕುಲುಮೆಗೆ ಹಗಲು ರಾತ್ರಿಯ ಭೇದವಿಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದವನಿಗೆ ಬೆಳಗಿನ ಚಿಂತನ ಜೋಗುಳವಾಗಿರಬೇಕು, ಮಧ್ಯಾಹ್ನದ ಚಿತ್ರಗೀತೆ ನಿದ್ದೆಗೆಡಿಸುವ ಗದ್ದಲ. ಉಕ್ಕಿನ ಊರಿನಲ್ಲಿದ್ದೂ ನಿಲಯ ಹಳ್ಳಿಯ ಗಡಿಯಾರ ನೋಡುತ್ತಿತ್ತು. ಇದನ್ನು ನಾನು ದೋಷವೆನ್ನಲಾರೆ: ಮಧ್ಯಮ ತರಂಗಾಂತರದ ಪ್ರಸಾರಕ್ಕೆ ನ್ಯೂ ಟೌನ್ ಸಣ್ಣ ಭಾಗ, ಅದು ತಲುಪಬೇಕಿದ್ದುದು ಸುತ್ತಲ ಹಳ್ಳಿಗಳನ್ನು.

ಇಂಥ ಅಧ್ಯಯನಕ್ಕೆ ಒಂದು ತೊಡಕಿದೆ. ಪಟ್ಟಿ ಹೇಳುವುದು ಪ್ರಸಾರವನ್ನು, ಕೇಳಿದ್ದನ್ನಲ್ಲ. ಕೇಳುಗರ ಎಣಿಕೆಗೆ ಹತ್ತಿರದ ಸಾಕ್ಷ್ಯವೆಂದರೆ ಅಂಚೆ ಕಚೇರಿಯಲ್ಲಿ ವರ್ಷವರ್ಷ ಶುಲ್ಕ ಕಟ್ಟಿ ನವೀಕರಿಸಬೇಕಿದ್ದ ರೇಡಿಯೋ ಲೈಸೆನ್ಸು. ಹೋಟೆಲಿನವರಿಗೆ ಬೇರೆ ವಾಣಿಜ್ಯ ಲೈಸೆನ್ಸು ಇತ್ತು. ಆದರೆ ಹೋಟೆಲಿನ ಒಂದು ಪೆಟ್ಟಿಗೆಯ ಮುಂದೆ ಬೈಟು ಕಾಫಿ ಹಿಡಿದು ನಿಂತವರೆಲ್ಲ ಆ ಲೆಕ್ಕದಲ್ಲಿ ಒಂದೇ ತಲೆ. 1985ರಲ್ಲಿ ಲೈಸೆನ್ಸು ಪೂರ್ತಿಯಾಗಿ ರದ್ದಾದ ಮೇಲೆ ಆ ಅರೆಕೊರೆ ಎಣಿಕೆಯೂ ನಿಂತಿತು.